ಆನ್‌ಸೈಟ್‌ಗೆ ಕಳಿಸುವ ಎಚ್‌ಆರ್‌ಗೆ ತರಬೇತಿ ಕೊಟ್ಟವರು ಯಾರು?

2025ರ ಸೆಪ್ಟೆಂಬರ್ 20ರ ಶನಿವಾರ ರಾತ್ರಿ ಬೆಂಗಳೂರು, ಹೈದರಾಬಾದ್, ಪುಣೆಯ ಎಷ್ಟೋ ಮನೆಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹಿಂದಿನ ದಿನ ಸಹಿ ಹಾಕಿದ್ದರು. ನಮ್ಮ ಕಾಲಮಾನದಲ್ಲಿ ಭಾನುವಾರ ಬೆಳಗ್ಗೆ 9.31ಕ್ಕೆ ಅದು ಜಾರಿಗೆ ಬರುವುದಿತ್ತು. ದಸರಾ ರಜೆಗೆ ಊರಿಗೆ ಬಂದವರು ಸಿಕ್ಕ ಬೆಲೆಗೆ ಟಿಕೆಟ್ ಹುಡುಕಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನದಿಂದ ಪ್ರಯಾಣಿಕರು ಕೆಳಗಿಳಿದ ಸುದ್ದಿ ಬಂತು. ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿಗಳು ಹೊರಗಿರುವ ನೌಕರರು ಕೂಡಲೇ ಮರಳಬೇಕು, ಒಳಗಿರುವವರು ಕದಲಬಾರದು ಎಂದು ಇಮೇಲ್ ಕಳಿಸಿದವು.

ಭಾರತದಲ್ಲಿ ಭಾನುವಾರ ಬೆಳಗಾಗುವಷ್ಟರಲ್ಲಿ ಶ್ವೇತಭವನದ ಸ್ಪಷ್ಟನೆಯೂ ಬಂತು: ಶುಲ್ಕ ಒಂದೇ ಬಾರಿಯದು, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಹೋಗಿ ಬರಲು ಅಡ್ಡಿಯಿಲ್ಲ. ಅಕ್ಟೋಬರ್ 20ರಂದು ಇನ್ನೊಂದು ವಿವರಣೆ ಹೊರಬಿತ್ತು. ಅಮೆರಿಕದೊಳಗೇ ಇದ್ದು ವೀಸಾ ಸ್ಥಿತಿ ಬದಲಿಸಿಕೊಳ್ಳುವವರಿಗೆ, ಉದಾಹರಣೆಗೆ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಹೋಗುವವರಿಗೆ, ಈ ಶುಲ್ಕ ಅನ್ವಯಿಸುವುದಿಲ್ಲ ಎಂದಾಯಿತು.

ಆ ರಾತ್ರಿಯ ಗೊಂದಲಕ್ಕೆ ವಾಷಿಂಗ್ಟನ್ನೇ ಮುಖ್ಯ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿನಲ್ಲಿ ಪ್ರತಿ ಕಂಪನಿಯ ಎಚ್‌ಆರ್ ವಿಭಾಗದ ಮುಂದಿದ್ದ ಪ್ರಶ್ನೆಗಳು ಸರಳವಾಗಿದ್ದವು. ನಮ್ಮವರಲ್ಲಿ ಈಗ ಯಾರು ಅಮೆರಿಕದ ಹೊರಗಿದ್ದಾರೆ? ಯಾರದ್ದು ಎಚ್-1ಬಿ, ಯಾರದ್ದು ಎಲ್-1? ಯಾರ ವೀಸಾ ಸ್ಟಾಂಪಿಂಗ್ ಬಾಕಿ ಇದೆ? ಈ ಪಟ್ಟಿ ಕೈಯಲ್ಲಿದ್ದವರು ಶಾಂತವಾಗಿ ನಿರ್ಧಾರ ಮಾಡಬಹುದಿತ್ತು. ಇಲ್ಲದವರಿಗೆ ವಾಟ್ಸ್ಆ್ಯಪ್ ಗ್ರೂಪೇ ಗತಿ. ಇಂಥ ಪಟ್ಟಿ ಇಟ್ಟುಕೊಳ್ಳುವುದು, ಅದನ್ನು ಓದಲು ತಿಳಿದಿರುವುದು ಒಂದು ವೃತ್ತಿ. ಲಕ್ಷಾಂತರ ಮಂದಿಯನ್ನು ಹೊರದೇಶದ ಕೆಲಸಕ್ಕೆ ಕಳಿಸಿದ ನಮ್ಮ ದೇಶದಲ್ಲಿ ಆ ವೃತ್ತಿಯನ್ನು ಕ್ರಮಬದ್ಧವಾಗಿ ಕಲಿಸುವ ವ್ಯವಸ್ಥೆ ಇನ್ನೂ ಬೆಳೆದಿಲ್ಲ.

ಟ್ರಾವೆಲ್ ಡೆಸ್ಕ್ ಕೆಲಸವಲ್ಲ

ಬಹುರಾಷ್ಟ್ರೀಯ ಕಂಪನಿಗಳಲ್ಲಿ ಇದಕ್ಕೆ 'ಗ್ಲೋಬಲ್ ಮೊಬಿಲಿಟಿ' ಎಂಬ ಹೆಸರಿದೆ. ನಮ್ಮಲ್ಲಿ ದೊಡ್ಡ ಐಟಿ ಕಂಪನಿಗಳು ಪ್ರತ್ಯೇಕ ತಂಡವನ್ನೇ ಇಟ್ಟುಕೊಂಡಿವೆ, ಅವರ ಅನುಭವವೂ ದೊಡ್ಡದು. ಮಧ್ಯಮ ಮತ್ತು ಸಣ್ಣ ಕಂಪನಿಗಳ ಕಥೆ ಬೇರೆ. ಟಿಕೆಟ್, ಹೋಟೆಲ್, ವೀಸಾ ಅಪಾಯಿಂಟ್‌ಮೆಂಟ್ ನೋಡುವ ಟ್ರಾವೆಲ್ ಡೆಸ್ಕೇ ಇದನ್ನೂ ನೋಡುತ್ತದೆ. ಆಹ್ವಾನ ಪತ್ರದ ಹಳೆಯ ನಮೂನೆಯಲ್ಲಿ ಹೆಸರು ಬದಲಿಸಿದರೆ ಕೆಲಸ ಮುಗಿಯಿತು ಎಂಬ ಲೆಕ್ಕ.

ಆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮನುಷ್ಯನೊಬ್ಬ ಜೈಲಿನಲ್ಲಿ ರಾತ್ರಿ ಕಳೆಯಬಹುದು. 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾ ರಾಜ್ಯದಲ್ಲಿ ಕಟ್ಟಡ ಹಂತದಲ್ಲಿದ್ದ ಹ್ಯುಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆಗೆ ಅಮೆರಿಕದ ವಲಸೆ ಅಧಿಕಾರಿಗಳು ನುಗ್ಗಿ 475 ಮಂದಿಯನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯಾದವರು. ಹಲವರು ಬಿ-1 ವ್ಯಾಪಾರ ವೀಸಾದಲ್ಲೋ ವೀಸಾ ವಿನಾಯಿತಿಯಲ್ಲೋ ಹೋದ ತಂತ್ರಜ್ಞರು. ಕೈಕೋಳ, ಸೊಂಟಕ್ಕೆ ಸರಪಳಿ ಹಾಕಿ ಕರೆದೊಯ್ಯುವ ದೃಶ್ಯವನ್ನು ಕೊರಿಯಾ ದೇಶವೇ ಟಿವಿಯಲ್ಲಿ ನೋಡಿತು. ವಿಶೇಷ ವಿಮಾನ ಕಳಿಸಿ ಅವರನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಆಮೇಲೆ ಉಭಯ ದೇಶಗಳ ಮಾತುಕತೆಯಲ್ಲಿ, ಹೊರದೇಶದಿಂದ ಕೊಂಡ ಯಂತ್ರವನ್ನು ಜೋಡಿಸಲು, ದುರಸ್ತಿ ಮಾಡಲು ಬಿ-1ರಲ್ಲಿ ಬರಬಹುದು ಎಂದು ಅಮೆರಿಕವೇ ಹೇಳಿತು.

ಪೀಣ್ಯದ ಮಷೀನ್ ಟೂಲ್ ಕಂಪನಿಯೋ ಪುಣೆಯ ಚಾಕಣ್‌ನ ಬಿಡಿಭಾಗ ತಯಾರಕರೋ ತಮ್ಮ ಫಿಟ್ಟರ್‌ನನ್ನು ಯಂತ್ರ ಕೂರಿಸಲು ಹೊರದೇಶಕ್ಕೆ ಕಳಿಸುವಾಗ ಎದುರಾಗುವುದೂ ಇದೇ ಪ್ರಶ್ನೆ. ಯಂತ್ರ ಮಾರಿದ ಕಂಪನಿಯ ನೌಕರ ಬಂದು ಅದನ್ನು ಜೋಡಿಸುವುದು ಒಂದು ದೇಶದಲ್ಲಿ ವ್ಯಾಪಾರ ಭೇಟಿ, ಇನ್ನೊಂದರಲ್ಲಿ ಕೆಲಸ. ಮಾರಾಟ ಒಪ್ಪಂದದಲ್ಲಿ 'ಜೋಡಣೆ ನಮ್ಮ ಹೊಣೆ' ಎಂಬ ಸಾಲು ಇದೆಯೋ ಇಲ್ಲವೋ ಎಂಬುದರಿಂದಲೂ ಉತ್ತರ ಬದಲಾಗಬಹುದು. ಇದನ್ನು ಟಿಕೆಟ್ ಬುಕ್ ಮಾಡುವ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ.

ನಮಗೆ ಇದರಲ್ಲಿ ಹಳೆಯ ಪಾಠವೂ ಒಂದಿದೆ. 2013ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಅಮೆರಿಕ ಸರ್ಕಾರದೊಂದಿಗೆ 3.4 ಕೋಟಿ ಡಾಲರ್ ಪಾವತಿಯ ರಾಜಿ ಮಾಡಿಕೊಂಡಿತು. ಎಚ್-1ಬಿ ಬೇಕಾದ ಕೆಲಸಕ್ಕೆ ಬಿ-1ರಲ್ಲಿ ಜನ ಕಳಿಸಿತು ಎಂಬುದು ಆರೋಪ. ಕಂಪನಿ ವೀಸಾ ವಂಚನೆಯ ಆರೋಪವನ್ನು ನಿರಾಕರಿಸಿತು, ನೌಕರರ ದಾಖಲೆಪತ್ರಗಳಲ್ಲಿ ಲೋಪವಾಗಿದ್ದನ್ನು ಒಪ್ಪಿಕೊಂಡಿತು. ಆಹ್ವಾನ ಪತ್ರದಲ್ಲಿ 'ಕೆಲಸ' ಎಂದು ಅರ್ಥ ಬರುವ ಪದಗಳನ್ನು ಬಳಸದಂತೆ ನೌಕರರಿಗೆ ಸೂಚನಾ ಪಟ್ಟಿ ಕೊಡಲಾಗಿತ್ತು ಎಂದೂ ಅಮೆರಿಕ ಸರ್ಕಾರ ಆರೋಪಿಸಿತ್ತು. ಆರೋಪದ ಸತ್ಯಾಸತ್ಯ ಏನೇ ಇರಲಿ, ಅಂಥ ಪಟ್ಟಿಯೂ ಒಂದು ತರಬೇತಿಯೇ. ಕಾನೂನು ಏನು ಹೇಳುತ್ತದೆ ಎಂದು ಕಲಿಸದೆ, ಕೌಂಟರ್‌ನಲ್ಲಿ ಏನು ಹೇಳಬೇಕು ಎಂದು ಮಾತ್ರ ಕಲಿಸುವ ತರಬೇತಿ. ಇಂದಿಗೂ ಅನೇಕ ಕಡೆ ವೀಸಾ ಸಂದರ್ಶನಕ್ಕೆ ಮುನ್ನ ನಡೆಯುವ 'ಬ್ರೀಫಿಂಗ್' ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ.

ಅಂದಾಜಿನ ಮೇಲೆ ನಡೆಯುವ ಕಾಲವೂ ಮುಗಿಯುತ್ತಿದೆ. ಯುರೋಪಿನ ಶೆಂಗೆನ್ ದೇಶಗಳಿಗೆ ಅಲ್ಪಾವಧಿಗೆ ಹೋಗುವವರು ಯಾವುದೇ 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ. ಇಷ್ಟು ದಿನ ಪಾಸ್‌ಪೋರ್ಟ್ ಮೇಲಿನ ಮಸುಕು ಮುದ್ರೆ ನೋಡಿ ಅಧಿಕಾರಿ ಲೆಕ್ಕ ಹಾಕುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಶುರುವಾದ ಹೊಸ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಫೋಟೋ ಸಮೇತ ಕಂಪ್ಯೂಟರೇ ದಿನ ಎಣಿಸುತ್ತದೆ. 'ಎರಡು ದಿನ ಹೆಚ್ಚಾದರೆ ಯಾರು ನೋಡ್ತಾರೆ' ಎಂಬ ಮಾತು ಇನ್ನು ನಡೆಯದು.

ಸಂಬಳದ ಚೀಟಿಯಲ್ಲಿ ಕಳೆದುಹೋಗುವ ದುಡ್ಡು

ವೀಸಾ ತಪ್ಪಿದರೆ ಸುದ್ದಿಯಾಗುತ್ತದೆ. ತೆರಿಗೆ, ಪಿಎಫ್‌ನಲ್ಲಿ ತಪ್ಪಿದರೆ ಸದ್ದಿಲ್ಲದೆ ನೌಕರನ ಜೇಬು ಖಾಲಿಯಾಗುತ್ತದೆ. ನನ್ನ ಮಟ್ಟಿಗೆ ತರಬೇತಿಯ ಕೊರತೆ ಹೆಚ್ಚು ದುಬಾರಿಯಾಗುವುದು ಇಲ್ಲಿಯೇ.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಪಿಂಚಣಿ ವಂತಿಗೆ ಸಂಬಳದ ಶೇ 18.6, ಅದರಲ್ಲಿ ಅರ್ಧ ನೌಕರನ ಪಾಲು. ಭಾರತದೊಂದಿಗೆ ಜರ್ಮನಿಗೆ ಸಾಮಾಜಿಕ ಭದ್ರತಾ ಒಪ್ಪಂದವಿದೆ. ಹಾಗಾಗಿ ಭಾರತೀಯ ಕಂಪನಿ ನಿಗದಿತ ಅವಧಿಗೆ ಕಳಿಸಿದ ನೌಕರ ಇಲ್ಲಿ ಪಿಎಫ್ ಕಟ್ಟುತ್ತಿದ್ದರೆ ಅಲ್ಲಿ ಕಟ್ಟಬೇಕಿಲ್ಲ. ಅದಕ್ಕೆ ಇಪಿಎಫ್ಒ ಕೊಡುವ 'ಸರ್ಟಿಫಿಕೇಟ್ ಆಫ್ ಕವರೇಜ್' ಬೇಕು. ಅರ್ಜಿ ಹಾಕಬೇಕಾದ್ದು ಆನ್‌ಲೈನ್‌ನಲ್ಲಿ, ಅದೂ ಕಂಪನಿಯ ಮೂಲಕ. ಎಚ್‌ಆರ್‌ಗೆ ಇಂಥದ್ದೊಂದು ಕಾಗದ ಇದೆಯೆಂದೇ ಗೊತ್ತಿಲ್ಲದಿದ್ದರೆ ನೌಕರ ಎರಡೂ ಕಡೆ ಕಟ್ಟುತ್ತಾನೆ. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಜಪಾನ್, ಆಸ್ಟ್ರೇಲಿಯಾ ಸೇರಿ ಹಲವು ದೇಶಗಳೊಂದಿಗೆ ಇಂಥ ಒಪ್ಪಂದಗಳಿವೆ. ಬ್ರಿಟನ್ ಜತೆಗೂ 2025ರಲ್ಲಿ ವ್ಯಾಪಾರ ಒಪ್ಪಂದದ ಜೊತೆಯಲ್ಲೇ ಇದಕ್ಕೆ ಒಪ್ಪಿಗೆಯಾಯಿತು.

ಅಮೆರಿಕದ ಜತೆ ಮಾತ್ರ ಇಲ್ಲ. ಅಲ್ಲಿ ಎಚ್-1ಬಿ ನೌಕರನ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಡಿತವಾಗುತ್ತದೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಅಲ್ಲಿನ ನಿವೃತ್ತಿ ಸೌಲಭ್ಯಕ್ಕೆ ಅರ್ಹರಾಗಲು ಸಾಮಾನ್ಯವಾಗಿ 10 ವರ್ಷದ ದುಡಿಮೆ ಬೇಕು. ಗ್ರೀನ್ ಕಾರ್ಡ್ ಪ್ರಕ್ರಿಯೆ ಇಲ್ಲದಿದ್ದರೆ ಎಚ್-1ಬಿ ಅವಧಿ 6 ವರ್ಷ. ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು. ಇದಕ್ಕೆ ಕಂಪನಿಯ ಬಳಿ ಪರಿಹಾರವಿಲ್ಲ, ಒಪ್ಪಬೇಕು. ಆದರೆ ಹೋಗುವ ಮುನ್ನ ಈ ಸಂಗತಿಯನ್ನು ಹೇಳಿ ಸಂಬಳ ನಿಗದಿ ಮಾಡುವುದಕ್ಕೂ, ಮೊದಲ ಪೇ ಸ್ಲಿಪ್ ಬಂದಾಗ ಅವನೇ ಕಂಡುಕೊಳ್ಳಲಿ ಎಂದು ಬಿಡುವುದಕ್ಕೂ ವ್ಯತ್ಯಾಸವಿದೆ.

ಇನ್ನು '183 ದಿನ'. ಆರು ತಿಂಗಳೊಳಗೆ ವಾಪಸ್ ಬಂದರೆ ಅಲ್ಲಿ ತೆರಿಗೆ ಇಲ್ಲ ಎಂಬುದು ಕ್ಯಾಂಟೀನ್‌ನಿಂದ ಎಚ್‌ಆರ್ ಕ್ಯಾಬಿನ್‌ವರೆಗೆ ಎಲ್ಲರೂ ನಂಬಿರುವ ಮಾತು. ಅರ್ಧ ಸತ್ಯ. ಸಾಮಾನ್ಯವಾಗಿ ತೆರಿಗೆ ಒಪ್ಪಂದಗಳಲ್ಲಿ ಈ ವಿನಾಯಿತಿಗೆ ಮೂರು ಷರತ್ತು ಒಟ್ಟಿಗೆ ಪೂರೈಸಬೇಕು: ದಿನಗಳು ಮಿತಿ ಮೀರಬಾರದು, ಸಂಬಳ ಕೊಡುವವರು ಆ ದೇಶದ ಕಂಪನಿ ಆಗಿರಬಾರದು, ಅಲ್ಲಿರುವ ಶಾಖೆಯೂ ಆ ಸಂಬಳದ ಖರ್ಚು ಹೊರಬಾರದು. ಬೆಂಗಳೂರಿನ ಕಚೇರಿ ನೌಕರನ ಸಂಬಳವನ್ನು ಲಂಡನ್ ಶಾಖೆಯ ಲೆಕ್ಕಕ್ಕೆ ಬರೆದರೆ ಮೂರನೆಯದು ಮುರಿಯುತ್ತದೆ. ಆಗ ಎರಡು ತಿಂಗಳಿದ್ದರೂ ತೆರಿಗೆ ಬೀಳಬಹುದು. ಆ ಲೆಕ್ಕ ಬರೆಯುವುದು ಅಕೌಂಟ್ಸ್ ವಿಭಾಗ, ಪತ್ರ ಕೊಡುವುದು ಎಚ್‌ಆರ್. ಇಬ್ಬರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ.

ವಾಪಸ್ ಬಂದ ಮೇಲೂ ಮುಗಿಯಲಿಲ್ಲ. ಎರಡು-ಮೂರು ವರ್ಷ ಹೋಗಿ ಬಂದವರು ಸಾಮಾನ್ಯವಾಗಿ ಕೂಡಲೇ ಭಾರತದ ಪೂರ್ಣ 'ನಿವಾಸಿ' ಆಗುತ್ತಾರೆ. ಅಲ್ಲಿ ಬಿಟ್ಟುಬಂದ ಬ್ಯಾಂಕ್ ಖಾತೆ, ಕಂಪನಿ ಕೊಟ್ಟ ಷೇರು ಎಲ್ಲವನ್ನೂ ಐಟಿ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳುವ ಅಪಾಯವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಈ ದಂಡದಲ್ಲಿ ರಿಯಾಯಿತಿ ಸಿಕ್ಕಿದೆ, ಅಷ್ಟೇ ಸಮಾಧಾನ. ಮರಳಿ ಬಂದ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಕೊಡುವ ಎಚ್‌ಆರ್ ಈ ಒಂದು ಮಾತನ್ನೂ ಹೇಳಿದರೆ ಎಷ್ಟೋ ನೋಟಿಸ್ ತಪ್ಪುತ್ತವೆ.

ಹುಬ್ಬಳ್ಳಿಯಿಂದ ಅಮೆರಿಕದ ಕೆಲಸ

2025ರ ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣ ಪರಿಶೀಲನೆ ಶುರುವಾಗಿ, ಭಾರತದ ಅಮೆರಿಕನ್ ಕಾನ್ಸುಲೇಟ್‌ಗಳಲ್ಲಿ ನಿಗದಿಯಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಬೇರೆ ದೇಶಕ್ಕೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಳ್ಳುವ ದಾರಿ ಸೆಪ್ಟೆಂಬರ್‌ನಲ್ಲೇ ಹೆಚ್ಚುಕಡಿಮೆ ಮುಚ್ಚಿತ್ತು. ಮದುವೆಗೋ ತಾಯಿಯ ಆಪರೇಷನ್‌ಗೋ ಬಂದವರು ಇಲ್ಲೇ ಉಳಿದರು.

'ಇಲ್ಲಿಂದಲೇ ಕೆಲಸ ಮಾಡ್ತೀನಿ' ಎಂದು ಅವರು ಹೇಳುವುದು ಸಹಜ. ಮ್ಯಾನೇಜರ್ 'ಸರಿ' ಎನ್ನುವುದೂ ಸಹಜ. ಮೊಬಿಲಿಟಿ ತಿಳಿದವರು ಮಾತ್ರ ಇಲ್ಲಿ ತಡೆದು ನಿಲ್ಲುತ್ತಾರೆ. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳಕ್ಕೆ ಭಾರತದ ತೆರಿಗೆಯ ಪ್ರಶ್ನೆ ಏಳುತ್ತದೆ. ಒಪ್ಪಂದದ ವಿನಾಯಿತಿ ಕೆಲ ತಿಂಗಳು ಕಾಯಬಹುದು, ಆಮೇಲೆ ಇಲ್ಲ. ಅವರು ಇಲ್ಲಿಂದ ವ್ಯವಹಾರ ಕುದುರಿಸುವ ಹುದ್ದೆಯಲ್ಲಿದ್ದರೆ, ಆ ಅಮೆರಿಕನ್ ಕಂಪನಿಗೆ ಭಾರತದಲ್ಲಿ ಕಾಯಂ ನೆಲೆ ಇದೆ ಎಂದು ತೆರಿಗೆ ಇಲಾಖೆ ವಾದಿಸಬಹುದು. ಹಾಗಾಗಿಯೇ ಕೆಲವು ಕಂಪನಿಗಳು ಇಂಥವರಿಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಬಿಗಿ ನಿಯಮ ಹಾಕಿದವು. ಹೊರಗಿನಿಂದ ನೋಡಿದವರಿಗೆ ಅದು ನಿರ್ದಯವಾಗಿ ಕಂಡಿತು. ಕಾರಣ ವಿವರಿಸಬಲ್ಲವರು ಕಂಪನಿಯಲ್ಲಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು.

ಎಂಬಿಎಯಲ್ಲಿ ಕಲಿಸುವುದೇನು?

ಎಚ್‌ಆರ್ ವಿಷಯದಲ್ಲಿ ಎಂಬಿಎ ಮಾಡಿದವರು 'ಇಂಟರ್‌ನ್ಯಾಷನಲ್ ಎಚ್‌ಆರ್‌ಎಂ' ಎಂಬ ಪತ್ರಿಕೆಯನ್ನು ಓದಿರುತ್ತಾರೆ. ಹೋವರ್ಡ್ ಪರ್ಲ್‌ಮಟರ್ 1969ರಲ್ಲಿ ಮಂಡಿಸಿದ ವರ್ಗೀಕರಣ, ಐಬಿಎಂ ನೌಕರರ ಸಮೀಕ್ಷೆಯಿಂದ ಹಾಫ್‌ಸ್ಟೆಡ್ ಕಟ್ಟಿದ ಸಂಸ್ಕೃತಿಯ ಅಳತೆಗೋಲು, ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ ನಂತರ ಕುಗ್ಗುವ 'ಯು' ಆಕಾರದ ಗೆರೆ. ಕಲಿಯಬಾರದು ಎನ್ನಲಾರೆ. ಆದರೆ ಆ ಪುಸ್ತಕಗಳ ನಾಯಕ ಟೋಕಿಯೋಗೆ ಹೋಗುವ ಅಮೆರಿಕನ್ ಮ್ಯಾನೇಜರ್. ಅವನಿಗೆ ಬಂಗಲೆ, ಕಾರು, ಮಕ್ಕಳ ಶಾಲೆ ಎಲ್ಲ ಕಂಪನಿಯದು. ನಮ್ಮಲ್ಲಿ ಹೋಗುವವಳು ರಾಯಚೂರಿನಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ 27ರ ಹುಡುಗಿ, ಗ್ರಾಹಕನ ಕಚೇರಿಯಲ್ಲಿ ಹನ್ನೊಂದು ತಿಂಗಳು ಕೂರಲು. ಅವಳ ಪ್ರಶ್ನೆಗಳು ಆ ಪಠ್ಯದಲ್ಲಿಲ್ಲ.

ವೃತ್ತಿಪರ ಪ್ರಮಾಣಪತ್ರಗಳು ಇಲ್ಲವೆಂದಲ್ಲ. ಅಮೆರಿಕದ ವರ್ಲ್ಡ್‌ವೈಡ್ ಇಆರ್‌ಸಿ ಸಂಸ್ಥೆಯ 'ಗ್ಲೋಬಲ್ ಮೊಬಿಲಿಟಿ ಸ್ಪೆಷಲಿಸ್ಟ್', ಎಚ್‌ಆರ್‌ಸಿಐನ 'ಜಿಪಿಎಚ್‌ಆರ್' ಮುಂತಾದವು ಈ ಕ್ಷೇತ್ರದಲ್ಲಿ ಹೆಸರುವಾಸಿ. ಶುಲ್ಕ ಡಾಲರ್‌ನಲ್ಲಿ, ದೃಷ್ಟಿಯೂ ಬಹುಮಟ್ಟಿಗೆ ಅಲ್ಲಿಯದೇ. ನಮ್ಮ ಇಪಿಎಫ್ಒ ಅರ್ಜಿ ತುಂಬುವುದನ್ನು ಅವರು ಯಾಕೆ ಕಲಿಸಬೇಕು? ಉಳಿದ ಜ್ಞಾನವೆಲ್ಲ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ, ವಲಸೆ ವಕೀಲರಲ್ಲಿ ಇದೆ. ಗಂಟೆಗೆ ಇಷ್ಟು ಎಂದು ಕೊಟ್ಟು ಕೇಳಬೇಕು. ಕೇಳಲಿ, ತಪ್ಪೇನಿಲ್ಲ. ಆದರೆ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯದವರಿಗೆ ತಜ್ಞರ ಉತ್ತರವೂ ಉಪಯೋಗಕ್ಕೆ ಬಾರದು.

ವಿಚಿತ್ರವೆಂದರೆ ಸರ್ಕಾರಕ್ಕೆ ತರಬೇತಿಯ ಬೆಲೆ ಗೊತ್ತಿದೆ. ಗಲ್ಫ್ ಮುಂತಾದ ದೇಶಗಳಿಗೆ ಹೋಗುವ ಕಾರ್ಮಿಕರಿಗೆ ವಿದೇಶಾಂಗ ಸಚಿವಾಲಯ ಹೊರಡುವ ಮುನ್ನ ಮಾರ್ಗದರ್ಶನ ತರಬೇತಿ ಕೊಡುತ್ತದೆ. ಹೋಗುವವನಿಗೆ ಪಾಠವಿದೆ, ಕಳಿಸುವವನಿಗೆ ಇಲ್ಲ.

ಬೆಂಗಳೂರಿಗೆ ಬರುವವರ ಲೆಕ್ಕ

ಇದು ಒಮ್ಮುಖ ರಸ್ತೆಯಲ್ಲ. 2029ರೊಳಗೆ 500 ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು ತರುವ ಗುರಿ ಕರ್ನಾಟಕ ಸರ್ಕಾರದ್ದು. ಅವುಗಳ ಜತೆ ವಿದೇಶಿ ಅಧಿಕಾರಿಗಳೂ ಬರುತ್ತಾರೆ. ಹಾಗೆ ಬಂದವರಿಂದಲೇ ಬೆಂಗಳೂರಿನ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಕಂಪನಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ವಿದೇಶಿ ಮಾತೃಸಂಸ್ಥೆ ಕಳಿಸಿದ ನೌಕರರಿಗೆ ನಿಜವಾದ ಮಾಲೀಕರು ಯಾರು ಎಂಬುದು ಪ್ರಶ್ನೆ. ಅವಧಿ ಮುಗಿದ ಮೇಲೆ ಅವರು ಮರಳುವುದು ಅಲ್ಲಿಗೇ, ಹಾಗಾಗಿ ಇದು ಮಾನವ ಸಂಪನ್ಮೂಲ ಪೂರೈಕೆಯ ಸೇವೆ, ಸೇವಾ ತೆರಿಗೆ ಕಟ್ಟಬೇಕು ಎಂದು 2022ರ ಮೇ 19ರಂದು ಕೋರ್ಟ್ ಹೇಳಿತು. ಆ ತೀರ್ಪನ್ನು ಹಿಡಿದು ದೇಶದುದ್ದಕ್ಕೂ ಕಂಪನಿಗಳಿಗೆ ಜಿಎಸ್‌ಟಿ ನೋಟಿಸ್ ಹೋದವು. ಯಾಂತ್ರಿಕವಾಗಿ ಅನ್ವಯಿಸಬೇಡಿ, ಪ್ರತಿ ಪ್ರಕರಣದ ಸಂಗತಿ ನೋಡಿ ಎಂದು 2023ರ ಡಿಸೆಂಬರ್‌ನಲ್ಲಿ ಮಂಡಳಿಯೇ ಸೂಚಿಸಬೇಕಾಯಿತು. ಇಂಥ ಪ್ರಕರಣಗಳಲ್ಲಿ ಅಧಿಕಾರಿಗಳೂ ನ್ಯಾಯಾಲಯವೂ ಮೊದಲು ಕೈಗೆತ್ತಿಕೊಳ್ಳುವ ದಾಖಲೆ ಎಚ್‌ಆರ್ ಬರೆದ ಸೆಕೆಂಡ್‌ಮೆಂಟ್ ಪತ್ರ. ಅದರ ಒಂದು ಸಾಲಿಗೆ ಕೋಟಿಗಳ ಬೆಲೆ.

ಪಿಎಫ್ ವಿಷಯವೂ ಹೀಗೇ. ಭಾರತೀಯ ನೌಕರನಿಗೆ ತಿಂಗಳಿಗೆ 15,000 ರೂಪಾಯಿಯ ಮಿತಿ, ವಿದೇಶಿ ನೌಕರನಿಗೆ ಪೂರ್ತಿ ಸಂಬಳದ ಮೇಲೆ ಕಡಿತ. ಈ ಭೇದಭಾವ ಸಂವಿಧಾನಬಾಹಿರ ಎಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು. ಬೆಂಗಳೂರು, ಗುರುಗ್ರಾಮ ಎರಡೂ ಕಡೆ ಕಚೇರಿ ಇರುವ ಕಂಪನಿಯ ಪೇರೋಲ್ ನೋಡುವವರ ಪಾಡು ಯೋಚಿಸಿ.

ಸಂಗಾತಿ ಮತ್ತು ಬಾಂಡ್

ಅಮೆರಿಕಕ್ಕೆ ಎಲ್-1ರಲ್ಲಿ ಹೋದವರ ಸಂಗಾತಿ ಅಲ್ಲಿ ಕೆಲಸ ಮಾಡಬಹುದು. ಎಚ್-1ಬಿಯಾದರೆ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಇಲ್ಲ. ಎರಡಕ್ಕೂ ಅರ್ಹತೆ ಇರುವ ನೌಕರನಿಗೆ ಯಾವ ವೀಸಾ ಎಂದು ಕಂಪನಿ ತೀರ್ಮಾನಿಸುವಾಗ, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಬಿಟ್ಟು ಹೊರಡುವ ಹೆಂಡತಿಯ ಮುಂದಿನ ಐದಾರು ವರ್ಷವೂ ತೀರ್ಮಾನವಾಗುತ್ತದೆ. ಆ ಸಭೆಯಲ್ಲಿ ಅವಳ ಹೆಸರೇ ಬರುವುದಿಲ್ಲ.

ಬಾಂಡ್ ಮಾತು ಬರುತ್ತದೆ, ತಪ್ಪದೆ. ಕನಿಷ್ಠ ಸೇವಾ ಅವಧಿ ಮುಗಿಸದೆ ಹೋದರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಮಾನ್ಯ ಮಾಡಿದ ಮೇಲೆ ಕಂಪನಿಗಳಿಗೆ ಧೈರ್ಯ ಹೆಚ್ಚಿದೆ. ಆದರೆ ಅದು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ ವೆಚ್ಚದ ಸಂದರ್ಭ. ಅಮೆರಿಕದ ನಿಯಮದಲ್ಲಿ ಎಚ್-1ಬಿ ನೌಕರ ಅವಧಿಗೆ ಮುನ್ನ ಕೆಲಸ ಬಿಟ್ಟರೆ ದಂಡ ವಸೂಲಿಗೆ ಅವಕಾಶವಿಲ್ಲ, ಮೊದಲೇ ಒಪ್ಪಿದ ನ್ಯಾಯಯುತ ನಷ್ಟಪರಿಹಾರ ಮಾತ್ರ. ಅರ್ಜಿಯ ಖರ್ಚೂ ಕಂಪನಿಯದೇ. ಬೆಂಗಳೂರಿನ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡ ಹತ್ತು ಲಕ್ಷದ ಬಾಂಡ್ ಅಲ್ಲಿ ಕಂಪನಿಯ ವಿರುದ್ಧವೇ ಸಾಕ್ಷಿಯಾಗಬಹುದು ಎಂದು ಎಷ್ಟು ಎಚ್‌ಆರ್‌ಗಳಿಗೆ ಗೊತ್ತು?

ಯಾರು ಕಲಿಸಬೇಕು?

ಸಾಫ್ಟ್‌ವೇರ್ ಬಂದಿದೆ, ದಿನ ಎಣಿಸುತ್ತದೆ, ಎಚ್ಚರಿಸುತ್ತದೆ, ಇನ್ನೇಕೆ ತರಬೇತಿ ಎಂಬ ವಾದವಿದೆ. ದಿನ ಎಣಿಸುವುದನ್ನು ಯಂತ್ರಕ್ಕೆ ಬಿಡೋಣ. ಸಂಬಳದ ಖರ್ಚು ಯಾವ ಶಾಖೆಗೆ ಹೋಗುತ್ತಿದೆ ಎಂದು ಅಕೌಂಟ್ಸ್‌ನವರನ್ನು ಕೇಳಬೇಕೆಂದು ಹೊಳೆಯುವುದು ಮನುಷ್ಯನಿಗೇ.

ಎರಡು ವರ್ಷದ ಡಿಗ್ರಿ ಬೇಡ. ವೀಸಾ, ತೆರಿಗೆ, ಪಿಎಫ್, ಪತ್ರ ಬರೆಯುವ ಕ್ರಮ, ಯುದ್ಧ ಅಥವಾ ಗಲಭೆಯಾದಾಗ ನೌಕರನನ್ನು ಹೊರತರುವ ಯೋಜನೆ, ಇಷ್ಟನ್ನು ನಿಜವಾದ ಪ್ರಕರಣಗಳ ಮೇಲೆ ಒಂದು ಸೆಮಿಸ್ಟರ್‌ನಲ್ಲಿ ಕಲಿಸಬಹುದು. ಪ್ರಯಾಣದ ಅಪಾಯ ನಿರ್ವಹಣೆಗೆ 2021ರಿಂದ ಐಎಸ್ಒ 31030 ಎಂಬ ಮಾರ್ಗಸೂಚಿ ಇದೆ, ಹೊಸದಾಗಿ ಬರೆಯುವುದೂ ಬೇಕಿಲ್ಲ. ವಿಶ್ವವಿದ್ಯಾಲಯಗಳ ಎಂಬಿಎ ವಿಭಾಗಗಳು ಚಾರ್ಟರ್ಡ್ ಅಕೌಂಟೆಂಟ್ ಮತ್ತು ವಲಸೆ ವಕೀಲರನ್ನು ಪಾಠಕ್ಕೆ ಕರೆಯಲಿ. ಸಣ್ಣ ಉದ್ಯಮಗಳಿಗೆ ಬೆಂಗಳೂರಿನಲ್ಲಿ ಕಾಸಿಯಾ, ಪುಣೆಯಲ್ಲಿ ಮರಾಠಾ ಚೇಂಬರ್‌ನಂಥ ಸಂಘಗಳು ಎರಡು ದಿನದ ಕಾರ್ಯಾಗಾರ ನಡೆಸಿದರೂ ದೊಡ್ಡ ಸಹಾಯ. ಇಪಿಎಫ್ಒ ತನ್ನ ಅಧಿಕಾರಿಯನ್ನು ಅಲ್ಲಿಗೆ ಕಳಿಸಲಿ.

ಅದು ಆಗುವವರೆಗೆ, ನಿಮಗೇ ಆನ್‌ಸೈಟ್ ಪತ್ರ ಬಂದಿದ್ದರೆ ಸಹಿಗೆ ಮುನ್ನ ಎಚ್‌ಆರ್‌ಗೆ ನಾಲ್ಕು ಪ್ರಶ್ನೆ ಕಳಿಸಿ. ನನ್ನ ವೀಸಾದಲ್ಲಿ ಈ ಕೆಲಸ ಮಾಡಬಹುದು ಎಂದು ಯಾರು ಪರಿಶೀಲಿಸಿದ್ದಾರೆ? ನನ್ನ ಸಂಬಳದ ಖರ್ಚು ಯಾವ ದೇಶದ ಲೆಕ್ಕಕ್ಕೆ ಹೋಗುತ್ತದೆ, ಅಲ್ಲಿ ತೆರಿಗೆ ಬಿದ್ದರೆ ಕಟ್ಟುವವರು ಯಾರು? ಕವರೇಜ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದ್ದೀರಾ? ಮಧ್ಯದಲ್ಲಿ ಮರಳಬೇಕಾದರೆ ಬಾಂಡ್‌ನಲ್ಲಿ ಎಷ್ಟು ಕೊಡಬೇಕು? ಫೋನ್‌ನಲ್ಲಿ ಬೇಡ, ಇಮೇಲ್‌ನಲ್ಲೇ ಕೇಳಿ.